ಪಡುವಣಕ್ಕೆ ತೆರೆದ ಮನೆ

ಫೆಬ್ರವರಿ 20, 2008, ಬುಧವಾರ
ಮಾಗಡಿ

ನಕ್ಷೆ ಬಿಚ್ಚುವ ಮೊದಲೇ ಮಾತು ಕೊಟ್ಟುಬಿಟ್ಟೆ.

ನಂಜುಂಡಯ್ಯನವರು ಸಂಜೆ ಅಪ್ಪನ ಸಿಮೆಂಟ್ ಅಂಗಡಿಗೆ ಬಂದಿದ್ದರು. ಜಮೀನು ಮಾರಿಸುವುದು, ಕೊಡಿಸುವುದು ಅವರ ಕಸುಬು. ಅಪ್ಪನ ಹಳೆಯ ಸ್ನೇಹಿತರು. ಬೆಂಗಳೂರಿನ ಯಾರೋ ಕುದೂರಿನ ಹತ್ತಿರ ಕಾರ್ಖಾನೆ ಹಾಕುತ್ತಾರಂತೆ. ಶೆಡ್ಡು, ಗೋದಾಮು, ಚಿಮಣಿ, ಕಾಂಪೌಂಡು ಎಲ್ಲಕ್ಕೂ ಪ್ಲಾನ್ ಬೇಕಂತೆ.

"ನಮ್ಮ ಚನ್ನಲಿಂಗಪ್ಪನ ಮಗಳೇ ಆರ್ಕಿಟೆಕ್ಟ್ ಇರುವಾಗ ಹೊರಗಿನವ್ರು ಯಾಕೆ ಅಂದೆ ಕಣಮ್ಮ. ಆದ್ರೆ ಒಂದ್ ಮಾತು. ಜಮೀನೆಲ್ಲ ರಿಜಿಸ್ಟರ್ ಆಗೋಗಂಟ ಎಲ್ಲೂ ಬಾಯಿ ಬಿಡಬಾರ್ದು. ಗೊತ್ತಾದ್ರೆ ರೇಟು ಏರಿಸ್ಬುಡ್ತಾರೆ."

"ಆಯ್ತು ಅಂಕಲ್" ಅಂದೆ. ಮೈಸೂರಿನಲ್ಲಿ ಓದು ಮುಗಿಸಿ ಬಂದ ಮೇಲೆ ನನ್ನ ಕೈಗೆ ಸಿಕ್ಕಿರುವುದು ಒಂದೇ ಒಂದು ಮನೆ. ಅಪ್ಪನ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಗಿತ್ತು.

ಆಮೇಲೆ ನಕ್ಷೆ ಬಿಚ್ಚಿದರು. ಹಳೆ ಟೈರು ಕಾಯಿಸಿ ಎಣ್ಣೆ ತೆಗೆಯುವ ಕಾರ್ಖಾನೆ. ಜಾಗ, ದೊಡ್ಡ ಹಾಸುಬಂಡೆಯ ಆಚೆ ಪಕ್ಕ. ಬಂಡೆಯ ಈಚೆಗೆ ಇರುವುದೇ ದೇವರಾಜು ಅವರ ಹೊಲ. ನನಗೆ ಸಿಕ್ಕ ಆ ಒಂದೇ ಮನೆ ಕಟ್ಟುವುದು ಅಲ್ಲೇ.

ಭಾನುವಾರವಷ್ಟೇ ಆ ಬಂಡೆಯ ಮೇಲೆ ಇಡೀ ಮಧ್ಯಾಹ್ನ ಕಳೆದಿದ್ದೆ. ದೇವರಾಜು ಸರ್ಕಾರಿ ಬಸ್ಸಿನ ಕಂಡಕ್ಟರ್. ಕುಂದಾಪುರ ಡಿಪೊದಲ್ಲಿದ್ದಾಗ ಕೋಟದ ಸುಗಂಧಿಯನ್ನು ಮೆಚ್ಚಿ ಮದುವೆಯಾದವರು, ಈಗ ವರ್ಗವಾಗಿ ಕುದೂರಿನ ಹಳೆ ಮನೆಗೆ ಬಂದಿದ್ದಾರೆ. ಆ ಮನೆಗೆ ಕಿಟಕಿ ಅನ್ನುವುದೇ ಇಲ್ಲ. ಅವರ ತಾಯಿ ಚಿಕ್ಕಲಕ್ಷ್ಮಮ್ಮನಿಗೆ ದಮ್ಮು. ಒಲೆಯ ಹೊಗೆ ಕುಡಿದು ಕುಡಿದು ಬಂದದ್ದು. ಅತ್ತೆಯನ್ನು ಆ ಕತ್ತಲೆಯಿಂದ ಹೊರಗೆ ತರಬೇಕು, ಅದೂ ಕಡಲ ಕಡೆಯ ತನ್ನ ತವರಿನಂಥ ಮನೆಗೆ ಅನ್ನುವುದು ಸೊಸೆಯ ಹಟ.

"ನಮ್ಮ ಬದಿ ಮನೆಗಳಲ್ಲಿ ಗಾಳಿ ನೆಂಟರ ಹಾಗೆ ಒಳಗೆ ಬಂದು ಕೂತು ಹೋಗ್ತದೆ. ಅಂಥದ್ದೊಂದು ಮಾಡಿಕೊಡು ಮಾರಾಯ್ತಿ" ಅಂದಿದ್ದರು.

ಅಜ್ಜಿ ಬಂಡೆಯ ಮೇಲೆ ಕೂತು ಪಡುವಣದ ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದರು. "ಇಲ್ಲಿ ಎದೆ ಬಿಚ್ಕತ್ತದೆ ಕಣ್ ಮಗ" ಅಂದರು. ಮನೆಯನ್ನು ಪೂರ್ತಿ ಪಡುವಣಕ್ಕೆ ತೆರೆಯಬೇಕು ಎಂದು ನಾನು ಅಲ್ಲೇ ತೀರ್ಮಾನ ಮಾಡಿದ್ದೆ.

ಅದೇ ಪಡುವಣದಲ್ಲಿ ಈಗ ಚಿಮಣಿ.

ದೇವರಾಜು ಅವರಿಗೆ ಹೇಳಬೇಕೆ? ಮಾತು ಕೊಟ್ಟಾಗಿದೆ. ಕಾರ್ಖಾನೆ ಬಂದೇ ಬರುತ್ತದೆ ಅಂತಲೂ ಏನಿಲ್ಲ.

ಫೆಬ್ರವರಿ 25, ಸೋಮವಾರ

ಮನೆಯನ್ನು ಮೂಡಣಕ್ಕೆ ತಿರುಗಿಸಿ ಇನ್ನೊಂದು ಪ್ಲಾನ್ ಬರೆದೆ. ಬೆಳಗಿನ ಎಳೆ ಬಿಸಿಲು ನಡುಮನೆಗೆ ಬರುತ್ತದೆ, ಹುಣಿಸೆ ಮರ ಕಣ್ಣ ಮುಂದೆ ಇರುತ್ತದೆ ಎಂದೆಲ್ಲ ಒಳ್ಳೊಳ್ಳೆಯ ಕಾರಣ ಕಟ್ಟಿಕೊಂಡು ಹೋದೆ. ಒಂದೂ ಸುಳ್ಳಲ್ಲ.

ಸುಗಂಧಕ್ಕ ಕಾಗದ ನೋಡಿ ನಕ್ಕರು. "ಗಾಳಿ ಬರೂದು ಆ ಬದಿಯಿಂದ, ಬಾಗಿಲು ಈ ಬದಿಗೆ ಇಟ್ಟು ಎಂತ ಮಾಡೂದು?" ದೇವರಾಜು ಕೂಡ, "ಮೇಡಂ, ನೀವು ಒಂದ್ಸಲ ಇವಳ ತವರು ನೋಡ್ಕಂಡ್ ಬನ್ನಿ. ಆಮೇಲೆ ಬರೀರಿ" ಅಂದರು.

ಹೋಗುತ್ತೇನೆ ಅಂದೆ. ಹೋಗಿ ಬರುವಷ್ಟು ದಿನ ಹೇಳುವುದನ್ನು ಮುಂದೂಡಬಹುದಲ್ಲ.

ಮಾರ್ಚ್ 9, ಭಾನುವಾರ
ಕೋಟ

ಈ ಮನೆ ಸಮುದ್ರಕ್ಕೆ ಇಷ್ಟು ಹತ್ತಿರವಿದ್ದರೂ ಒಳಗಿನಿಂದ ಸಮುದ್ರ ಕಾಣುವುದಿಲ್ಲ. ನಡುವೆ ಗಾಳಿಮರಗಳ ಸಾಲು, ಆಮೇಲೆ ತೆಂಗು. ಉಪ್ಪನ್ನೂ ಮರಳನ್ನೂ ಮರಗಳು ಹಿಡಿದಿಟ್ಟುಕೊಂಡು ಗಾಳಿಯನ್ನು ಮಾತ್ರ ಬಿಡುತ್ತವೆ. ಹೆಂಚಿನ ಮಾಡು ಎಷ್ಟು ಇಳಿದಿದೆಯೆಂದರೆ ಜಗಲಿಗೆ ತಲೆ ಬಗ್ಗಿಸಿಯೇ ಹೋಗಬೇಕು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅದೇ ಬೆಳಕು ಕೆಂಪು ನೆಲದ ಮೇಲೆ ಬಿದ್ದು ಒಳಗೆ ಬರುವ ಹೊತ್ತಿಗೆ ಮಜ್ಜಿಗೆಯ ತಿಳಿಯಂತೆ ತಣ್ಣಗಾಗಿರುತ್ತದೆ. ಕಿಟಕಿಗೆ ಎದುರು ಕಿಟಕಿ. ಅಡುಗೆಮನೆಯ ಮೇಲೆ ಒಂದೆರಡು ಗಾಜಿನ ಹೆಂಚು. ಹಗಲು ಗಾಳಿ ಕಡಲಿಂದ ಬರುತ್ತದೆ, ಕತ್ತಲಾದ ಮೇಲೆ ಗದ್ದೆಯ ಕಡೆಯಿಂದ. ಮನೆ ಎರಡಕ್ಕೂ ದಾರಿ ಬಿಟ್ಟುಕೊಟ್ಟು ಸುಮ್ಮನಿರುತ್ತದೆ.

ಮಳೆಗಾಲದಲ್ಲಿ ಜಗಲಿಯ ಕಡಲ ಪಕ್ಕಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮುಚ್ಚುತ್ತಾರಂತೆ. ಅದನ್ನು ಕೇಳಿದ ಕೂಡಲೇ ಮೈ ಹಗುರಾಯಿತು. ಬೇಕಾದಾಗ ಮುಚ್ಚಬಹುದಾದ ಗೋಡೆ! ಕುದೂರಿನ ಮನೆಗೂ ಪಡುವಣದ ಉದ್ದಕ್ಕೂ ಮರದ ಬಾಗಿಲುಗಳನ್ನಿಟ್ಟರೆ ಆಯಿತು.

ಇಲ್ಲಿ ಗಾಳಿ ನೀರಿನ ಮೇಲಿಂದ ಬರುತ್ತದೆ, ಅಲ್ಲಿ ಕಾದ ಬಂಡೆಯ ಮೇಲಿಂದ. ಅದಕ್ಕೆ ಬಂಡೆಗೂ ಜಗಲಿಗೂ ನಡುವೆ ಹೊಂಗೆ ಸಾಲು ಬೇಕು, ಕೆಳಗೆ ಹುಲ್ಲು ಬೇಕು. ಗಾಳಿಮರದ ಕೆಲಸವನ್ನು ಅಲ್ಲಿ ಹೊಂಗೆ ಮಾಡುತ್ತದೆ.

ಸುಗಂಧಕ್ಕನ ಅಮ್ಮ ನನ್ನನ್ನು "ಕೂಕಣಿ, ಕೂಕಣಿ" ಎಂದು ಕೈಹಿಡಿದು ಕೂರಿಸಿದರು. ನಾನು ಮೀನು ತಿನ್ನುವವಳಲ್ಲವೆಂದು ಇವತ್ತು ಮನೆಯಲ್ಲಿ ಯಾರಿಗೂ ಮೀನು ಮಾಡಲಿಲ್ಲ. ಹೊಸ ಮಡಕೆಯಲ್ಲಿ ಗಂಜಿ, ಸೌತೆಕಾಯಿ ಹುಳಿ. ಎರಡು ಸಲ ಬಡಿಸಿಕೊಂಡು ಉಂಡೆ.

ಊಟದ ಮೇಲೆ ಸುಗಂಧಕ್ಕ ಜಗಲಿಯ ಕಂಬಕ್ಕೆ ಒರಗಿ ಕೇಳಿದರು. "ಅಲ್ಲಿ ಇಂಥಾ ಗಾಳಿ ಅತ್ತೆಗೆ ಸಿಕ್ತದಲ್ದಾ?"

"ಸಿಗುತ್ತೆ ಅಕ್ಕಾ."

ಏಪ್ರಿಲ್ 16, ಬುಧವಾರ

ಗುದ್ದಲಿ ಪೂಜೆ ಆಯಿತು. ಅಜ್ಜಿ ನನಗೂ ರವಿಕೆ ಬಟ್ಟೆ, ಎಲೆ ಅಡಿಕೆ ಕೊಟ್ಟರು. ನಂಜುಂಡಯ್ಯನವರೂ ಬಂದಿದ್ದರು, ದೇವರಾಜು ಅವರಿಗೂ ಪರಿಚಯವಂತೆ. ಪಾನಕ ಕುಡಿಯುತ್ತ ಬಂಡೆಯ ಕಡೆ ನೋಡಿ, "ಒಳ್ಳೆ ಜಾಗ, ಒಳ್ಳೆ ಜಾಗ" ಅಂದರು. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಮೇ 4, ಭಾನುವಾರ

ಕಾರ್ಖಾನೆಯ ಪ್ಲಾನ್ ಮುಗಿಸಿದೆ. ಲಾರಿ ಒಳಗೆ ಹೋಗಲು ದಾರಿಯಿರಲಿಲ್ಲ. ಮೂರು ಕಡೆಯೂ ಬಂಡೆ. ಇರುವುದು ಒಂದೇ ಸಂದು, ಬಂಡೆಯ ಪಕ್ಕದ ಉದ್ದನೆಯ ಪಟ್ಟಿ. ಅದು ದೇವರಾಜು ಅವರದು.

"ದಾರಿ ಅಲ್ಲೇ ಬರಿಯಮ್ಮ. ಅದನ್ನ ನಾನ್ ನೋಡ್ಕತೀನಿ" ಅಂದರು ನಂಜುಂಡಯ್ಯನವರು.

ಬರೆದೆ. ಲಾರಿ ತಿರುಗಲು ಎಷ್ಟು ಅಗಲ ಬೇಕೋ ಲೆಕ್ಕ ಹಾಕಿ ನೀಟಾಗಿಯೇ ಬರೆದೆ.

ದೇವರಾಜು ಕೊಡುವುದಿಲ್ಲ ಬಿಡು. ಅವರ ಅಪ್ಪನ ಕಾಲದ ನೆಲ, ಯಾಕೆ ಕೊಡುತ್ತಾರೆ? ಕೊಡದಿದ್ದರೆ ಕಾರ್ಖಾನೆಯೇ ಬರುವುದಿಲ್ಲ. ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ.

ಜೂನ್ 8, ಭಾನುವಾರ

ದೇವರಾಜು ಸ್ವೀಟು ತಂದಿದ್ದರು.

"ಮೇಡಂ, ಆ ಬಂಡೆ ಪಕ್ಕದ ಪಟ್ಟಿ ಇತ್ತಲ್ಲ, ರಾಗಿನೂ ಬೆಳೀತಿರ್ಲಿಲ್ಲ, ಏನೂ ಬೆಳೀತಿರ್ಲಿಲ್ಲ. ನಂಜುಂಡಯ್ಯ ಗಿರಾಕಿ ಹುಡುಕವ್ರೆ. ಯಾರೋ ಮಾವಿನ ತೋಟ ಮಾಡ್ತಾರಂತೆ. ಅಗ್ರಿಮೆಂಟ್ ಆಯ್ತು. ಆಷಾಢ ಕಳೆದ್ಮೇಲೆ ರಿಜಿಸ್ಟರ್. ಅಡ್ವಾನ್ಸ್ ಬಂದೈತೆ, ಇನ್ನು ಶೀಟು ಗೀಟು ಬ್ಯಾಡ. ನೀವು ಹೇಳ್ದಂಗೆ ಮಂಗಳೂರು ಹೆಂಚೇ ತರ್ಸುವಾ."

ನಾನು ಒಂದು ಪೇಡೆ ತೆಗೆದುಕೊಂಡೆ.

"ಒಳ್ಳೇದಾಯ್ತು ಅಣ್ಣ" ಅಂದೆ.

ಜೂನ್ 9

ಆ ಮಾತು ನನ್ನ ಬಾಯಿಂದಲೇ ಬಂತು. ಯಾರೂ ಹೇಳಿಸಲಿಲ್ಲ.

ಜೂನ್ 26, ಗುರುವಾರ

ನಂಜುಂಡಯ್ಯನವರು ಬೇರೆ ಜಿಲ್ಲೆಯಲ್ಲಿ ನಡೆಯುತ್ತಿರುವ ಇಂಥದ್ದೇ ಕಾರ್ಖಾನೆಯೊಂದನ್ನು ತೋರಿಸಲು ಕರೆದುಕೊಂಡು ಹೋಗಿದ್ದರು. ಪ್ಲಾನಿನಲ್ಲಿ ಖಾಲಿ ಬಿಟ್ಟಿದ್ದ, ಟೈರು ಕಾಯಿಸುವ ಒಲೆಯ ಅಳತೆ ತೆಗೆಯಬೇಕಿತ್ತು. ಅವರು ಒಳಗೆ ಕಾಫಿ ಕುಡಿಯುತ್ತಿದ್ದಾಗ ನಾನು ಹೊರಗೆ ಬಂದು ಗಾಳಿ ಹೋಗುವ ದಿಕ್ಕಿಗೆ ನಡೆದೆ. ಎದುರಿಗೆ ಸಿಕ್ಕಿದ್ದು ಒಂದು ಮನೆ. ಹಗ್ಗದ ಮೇಲೆ ಒಣಹಾಕಿದ ಬಿಳಿ ಪಂಚೆಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ. ಒಂದನ್ನು ಬೆರಳಿನಿಂದ ಮುಟ್ಟಿದೆ, ಉದ್ದಕ್ಕೂ ಬಳಿದುಕೊಂಡಿತು. ರಬ್ಬರ್ ಸುಟ್ಟ ವಾಸನೆ ಗಂಟಲಲ್ಲಿ ಕೂತಿತ್ತು.

ಮನೆಯವಳು ಬಾಗಿಲ ಸಂದಿಯಿಂದಲೇ ಮಾತಾಡಿಸಿದಳು. "ಬೇಗ ಒಳೀಕ್ ಬಾರವ್ವ, ಬಾಗ್ಲು ಹಾಕ್ಬೇಕು." ಒಳಗೆ ಹಗಲಲ್ಲೇ ದೀಪ ಉರಿಯುತ್ತಿತ್ತು. ಕಿಟಕಿಗಳಿಗೆ ಗೋಣಿಚೀಲ ಹೊಡೆದಿದ್ದರು. "ಮುಚ್ಚಿದ್ರೂ ಬತ್ತದೆ" ಅಂದಳು.

ಅಂದರೆ ನಾನು ಬರೆದ ಆ ಬಾಗಿಲುಗಳೆಲ್ಲ ಇದಕ್ಕಾಗಿ. ಅಜ್ಜಿಯನ್ನು ಒಂದು ಕತ್ತಲೆ ಮನೆಯಿಂದ ತೆಗೆದು ಇನ್ನೊಂದು ಕತ್ತಲೆ ಮನೆಯಲ್ಲಿ ಕೂರಿಸಲು.

ವಾಪಸ್ ಬರುವಾಗ ಕಾರಿನಲ್ಲಿ ನಂಜುಂಡಯ್ಯನವರು ಕೇಳಿದರು, "ಅಳತೆ ಎಲ್ಲಾ ಸಿಕ್ತೇನಮ್ಮ?" ಸಿಕ್ಕಿತು ಅಂದೆ.

ಜುಲೈ 6, ಭಾನುವಾರ

ಆಷಾಢದ ಗಾಳಿ ಶುರುವಾಗಿದೆ. ಗೋಡೆ ಕಿಟಕಿಯ ಮೇಲಿನ ಮಟ್ಟಕ್ಕೆ ಬಂದಿದೆ, ಮಾಡು ಇನ್ನೂ ಹೊದಿಸಿಲ್ಲ. ಆದರೂ ಮನೆ ಆಗಲೇ ಉಸಿರಾಡುತ್ತಿದೆ. ಪಡುವಣದ ತೆರಪಿನಲ್ಲಿ ನಿಂತರೆ ಗಾಳಿ ಎದೆಗೆ ಬಡಿಯುತ್ತದೆ. ನಡುಮನೆಯಲ್ಲಿ ಅದೇ ಗಾಳಿ ಮೆತ್ತಗಾಗಿ ಮೂಡಣದ ಕಿಟಕಿಯಿಂದ ಹೊರಟುಹೋಗುತ್ತದೆ. ನಾನು ಕಾಗದದ ಮೇಲೆ ಬಾಣದ ಗುರುತು ಹಾಕಿದ್ದ ದಾರಿಯಲ್ಲೇ ಹೋಗುತ್ತದೆ. ಬೇರೆ ಯಾವಾಗಲಾದರೂ ಆಗಿದ್ದರೆ ಕುಣಿದುಬಿಡುತ್ತಿದ್ದೆ.

ಅಜ್ಜಿ ದಿನಾ ಬುತ್ತಿ ಕಟ್ಟಿಕೊಂಡು ಬಂದು ಇಟ್ಟಿಗೆಯ ಮೇಲೆ ಕೂರುತ್ತಾರಂತೆ. ಇವತ್ತು ಬಾಯಿ ತುಂಬ ನಗುತ್ತಿದ್ದರು. "ನೋಡ್ ಮಗ, ಊರಿಂದ ನಡ್ಕಂಡ್ ಬಂದೆ. ಒಂದ್ ಕಿತನೂ ಕೂರ್ನಿಲ್ಲ." ನನ್ನ ಕೈ ಹಿಡಿದು ಅಂಗೈಯನ್ನು ಸವರಿದರು. "ಈ ಕೈ ತಣ್ಣಗಿರ್ಲಿ ಕಣವ್ವ."

ಕೈ ಬಿಡಿಸಿಕೊಂಡು ಟೇಪು ಹುಡುಕುವ ನೆಪದಲ್ಲಿ ಹಿಂದಕ್ಕೆ ಹೋದೆ.

ಜುಲೈ 13, ಭಾನುವಾರ

ಅಪ್ಪನಿಗೆ ಹೇಳಿದೆ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡರು, ರೇಗಲಿಲ್ಲ.

"ನೀನ್ ಬರೀದಿದ್ರೆ ಇನ್ನೊಬ್ಬ ಬರೀತಿದ್ದ. ನೀನ್ ಹೇಳಿಬಿಟ್ರೆ ಹೊಗೆ ನಿಂತೋಯ್ತದಾ?"

"ಆ ಪಟ್ಟಿ ರಿಜಿಸ್ಟರ್ ಆಗದೆ ಇದ್ರೆ ನಿಲ್ಲುತ್ತೆ ಅಪ್ಪಾ. ದಾರಿನೇ ಇರಲ್ಲ."

ಅಪ್ಪ ತಕ್ಕಡಿಯ ಮೇಲಿನ ಮೊಳೆಗಳನ್ನು ಡಬ್ಬಿಗೆ ತುಂಬಿದರು. "ನಂಜುಂಡಯ್ಯ ನಿಮ್ಮಮ್ಮನ್ನ ಆಸ್ಪತ್ರೆಗೆ ಸೇರಿಸ್ದಾಗ ಜೊತೇಲಿದ್ದೋನು. ಅವನ ಮುಂದೆ ನಾನ್ ಹೆಂಗ್ ನಿಂತ್ಕಳ್ಳಿ? ಮಾತ್ ಕೊಟ್ಟಿದ್ದೀಯ ಮೇಘನಾ."

ಅದೂ ನಿಜ. ನನ್ನ ಮಾತು ಕೆಟ್ಟರೆ ಕೆಡುವುದು ಅಪ್ಪನ ಹೆಸರು.

ಜುಲೈ 20, ಭಾನುವಾರ

ಹೇಳಿದೆ.

ಸುಗಂಧಕ್ಕ ಹೊಂಗೆ ಸಸಿಗಳಿಗೆ ಗುಂಡಿ ತೋಡಿಸಿ, ನೀರು ಹೊಯ್ಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಟೈರು, ಚಿಮಣಿ, ಮಾವಿನ ತೋಟ ಅಂದದ್ದು ಸುಳ್ಳು, ಪಟ್ಟಿಯ ಮೇಲೆ ಲಾರಿ ದಾರಿ, ಪ್ಲಾನ್ ನನ್ನದೇ. ಆ ಬೇರೆ ಊರಿನ ಪಂಚೆಯ ವಿಷಯವನ್ನೂ ಹೇಳಿದೆ. ಅವರು ಕೊಡವನ್ನು ಕೆಳಗಿಡಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?"

"ಫೆಬ್ರವರಿಯಲ್ಲಿ."

"ನಮ್ಮ ಮನೆಗೆ ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಕೇಳಿದೆನಲ್ಲ, ಇಂಥಾ ಗಾಳಿ ಅತ್ತೆಗೆ ಸಿಕ್ತದಾ ಅಂತ. ಆಗ್ಲೂ?"

"ಆಗಲೂ ಗೊತ್ತಿತ್ತು ಅಕ್ಕಾ."

"ಅಮ್ಮ ಬಡಿಸಿದ್ದು ಉಂಡೆಯಲ್ಲ, ಮೇಘನಾ. ಎರಡು ಸಲ ಹಾಕಿಸಿಕೊಂಡು ಉಂಡೆ."

ಕೊಡದಲ್ಲಿ ಉಳಿದಿದ್ದ ನೀರನ್ನು ಸಸಿಗೆ ಹೊಯ್ದು, ಬರಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಊರ ಕಡೆ ನಡೆದರು. ಕ್ಷಮಿಸಿ ಅನ್ನುವ ಮಾತು ನನ್ನ ಬಾಯಲ್ಲಿತ್ತು. ಆ ಬೆನ್ನಿಗೆ ಅದನ್ನು ಹೇಳಲಾಗಲಿಲ್ಲ. ಹೇಳಿದ್ದರೆ ನನ್ನ ಸಮಾಧಾನಕ್ಕೇ ಆಗುತ್ತಿತ್ತು.

ಜುಲೈ 22, ಮಂಗಳವಾರ

ದೇವರಾಜು ಡ್ಯೂಟಿ ಬಟ್ಟೆಯಲ್ಲೇ ಅಂಗಡಿಗೆ ಬಂದಿದ್ದರು. ಬೀದಿಯಲ್ಲಿ ನಿಂತು ಕೂಗಿದರು, ಒಳಗೆ ಬರಲಿಲ್ಲ.

"ನಿಮ್ಮನ್ನ ಮನೆ ಮಗಳ ಥರ ನೋಡ್ಕಂಡ್ವಲ್ಲ! ನಾನ್ ಸ್ವೀಟ್ ತಂದಾಗ ತಿಂದ್ರಲ್ಲ ಮೇಡಂ! ಅಡ್ವಾನ್ಸು ಹೆಂಚಿಗೆ ಹೋಯ್ತು, ಈಗ ಎಲ್ಲಿಂದ ತಂದು ಬಿಸಾಕ್ಲಿ ಅವ್ನ ಮುಖಕ್ಕೆ?"

ಅಪ್ಪ ಎದ್ದು ಹೊರಗೆ ಹೋದರು. ಏನಾದರೂ ಅಂದುಬಿಡುತ್ತಾರೇನೋ ಎಂದು ನನಗೆ ಭಯ. ಅಪ್ಪ ಕೈಮುಗಿದರು. ನನಗಾಗಿ ಅಪ್ಪ ಬೀದಿಯಲ್ಲಿ ಕೈಮುಗಿದು ನಿಂತದ್ದನ್ನು ನೋಡಿದೆ.

ಆಗಸ್ಟ್ 10, ಭಾನುವಾರ

ಶ್ರಾವಣ ಬಂತು. ದೇವರಾಜು ರಿಜಿಸ್ಟರ್ ಆಫೀಸಿಗೆ ಹೋಗಲಿಲ್ಲ. ಸುಗಂಧಕ್ಕ ಬಳೆ ಬಿಚ್ಚಿಕೊಟ್ಟು ಅಡ್ವಾನ್ಸ್ ವಾಪಸ್ ಮಾಡಿಸಿದರಂತೆ. ಅಜ್ಜಿಗೆ ಏನು ಹೇಳಿದ್ದಾರೋ ಗೊತ್ತಿಲ್ಲ.

ನಂಜುಂಡಯ್ಯನವರು ಅಪ್ಪನ ಹತ್ತಿರ ಬಂದು, "ಮಗಳ್ನ ಚೆನ್ನಾಗಿ ಓದ್ಸಿದ್ದೀಯ" ಅಂದು ಹೊರಟುಹೋದರು. ಅಷ್ಟೇ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, "ಕಾಫಿ ಕುಡಿದ್ಯಾ?" ಅಂದರು.

ಸೆಪ್ಟೆಂಬರ್ 18, ಗುರುವಾರ

ಕುದೂರಿನ ಬಸ್ಸು ಹತ್ತಿದೆ. ದೇವರಾಜು ಅವರೇ ಕಂಡಕ್ಟರ್. ಹತ್ತುವಾಗ ನೋಡಿರಲಿಲ್ಲ.

"ಎಲ್ಲಿಗೆ?"

"ಕುದೂರು."

ಟಿಕೆಟ್ ಹರಿದು ಕೊಟ್ಟು, ಚಿಲ್ಲರೆಯನ್ನು ಕೈ ತಾಗದಂತೆ ಮೇಲಿಂದ ನನ್ನ ಅಂಗೈಗೆ ಹಾಕಿ ಮುಂದಕ್ಕೆ ಹೋದರು. ಅದಾದ ಮೇಲೆ ನನಗೆ ಕುದೂರಿನಲ್ಲಿ ಇಳಿಯುವ ಧೈರ್ಯ ಬರಲಿಲ್ಲ. ಬಸ್ಸಿನ ಕಿಟಕಿಯಿಂದಲೇ ನೋಡಿದೆ. ಮನೆ ದೂರಕ್ಕೆ ಕಾಣುತ್ತದೆ. ಹೆಂಚು ಹೊದಿಸಿದ್ದಾರೆ, ಮಾಡು ನಾನು ಬರೆದಷ್ಟೇ ಇಳಿದಿದೆ. ಪಡುವಣದ ತೆರಪು ಹಾಗೇ ಇದೆ, ಬಾಗಿಲುಗಳನ್ನು ಇಡಿಸಿಲ್ಲ.

ಮುಂದಿನ ಊರಿನವರೆಗೂ ಹೋಗಿ, ಇನ್ನೊಂದು ಬಸ್ಸಿನಲ್ಲಿ ವಾಪಸ್ ಬಂದೆ.

ನವೆಂಬರ್ 20, ಗುರುವಾರ

ಇವತ್ತು ಅವರ ಗೃಹಪ್ರವೇಶ. ನನ್ನನ್ನು ಕರೆಯಲಿಲ್ಲ. ಕರೆಯಬಾರದು ಕೂಡ.

ಅಪ್ಪನಿಂದ ಇನ್ನೊಂದು ಸುದ್ದಿ ಗೊತ್ತಾಯಿತು. ಆ ಕಾರ್ಖಾನೆ ಕನಕಪುರದ ಕಡೆ ಹೋಗುತ್ತಿದೆ. ನಂಜುಂಡಯ್ಯನವರು ಅಲ್ಲಿ ಜಮೀನು ನೋಡಿದ್ದಾರಂತೆ. ಪ್ಲಾನ್ ಅದೇ, ನಾನು ಬರೆದದ್ದು. ಗೇಟು ಮಾತ್ರ ತಿರುಗಿಸಿದ್ದಾರೆ.

ಒಂದು ಮನೆಯ ಗಾಳಿಯನ್ನು ಉಳಿಸಿದೆ ಎಂದು ಈಚೆಗೆ ಒಳಗೊಳಗೇ ಸ್ವಲ್ಪ ಸಮಾಧಾನ ಪಟ್ಟುಕೊಳ್ಳಲು ಶುರುಮಾಡಿದ್ದೆ. ಆ ಹೊಗೆ ಇನ್ನೊಬ್ಬರ ಗಾಳಿಗೆ ಹೋಗುತ್ತದೆ ಅಂತ ಯೋಚನೆಯೇ ಬಂದಿರಲಿಲ್ಲ.

ಡಿಸೆಂಬರ್ 7, ಭಾನುವಾರ

ಕನಕಪುರದಿಂದ ಇನ್ನೊಂದು ಬಸ್ಸು ಹಿಡಿದು ಹೋಗಿದ್ದೆ. ಜಾಗ ಹುಡುಕಲು ಕಷ್ಟವಾಗಲಿಲ್ಲ. ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದಾರೆ. ಕೆಲಸ ಶುರುವಾಗಿಲ್ಲ. ದಾರಿಗೆ ಬೇಕಾದ ನೆಲ ಇನ್ನೂ ಪೂರ್ತಿ ಕೈಗೆ ಬಂದಿಲ್ಲ ಅನ್ನಿಸಿತು. ಒಂದು ಕಡೆ ತಂತಿಯಿಲ್ಲ, ಹುರುಳಿ ಕಿತ್ತ ಹೊಲ.

ಅದರ ಮೂಡಣಕ್ಕೆ ಚೆದುರಿದಂತೆ ನಾಲ್ಕಾರು ಮನೆ. ಮೊದಲ ಮನೆಯ ಮುಂದೆ ಒಬ್ಬ ಹೆಂಗಸು ಹುರುಳಿ ಬಡಿಯುತ್ತಿದ್ದಳು.

"ಯಾರ್ನ್ ಹುಡುಕ್ತಿದ್ದೀಯವ್ವ?"

ಆ ತಂತಿ ಹಾಕಿರುವ ಕಡೆಯಿಂದ ನಿಮ್ಮಲ್ಲಿಗೆ ಗಾಳಿ ಬರುತ್ತದೆಯೇ ಎಂದು ಕೇಳಿದೆ.

"ಬರ್ದೆ ಏನು? ಆಷಾಢದಲ್ಲಿ ಹೆಂಚೇ ಎತ್ತಾಕ್ತದೆ. ಯಾಕೆ?"

ಅಲ್ಲಿ ಹಳೆ ಟೈರು ಸುಡುವ ಕಾರ್ಖಾನೆ ಬರುತ್ತದೆ ಅಂದೆ. ಹೊಗೆ ಸೀದಾ ಈ ಮನೆಗಳಿಗೇ ಬರುತ್ತದೆ, ದಾರಿಗಾಗಿ ಜಮೀನು ಕೇಳಿದರೆ ಕೊಡಬೇಡಿ, ತೋಟಕ್ಕೆ ಅಂದರೆ ನಂಬಬೇಡಿ ಅಂದೆ.

ಅವಳು ಕೋಲನ್ನು ಕೆಳಗಿಟ್ಟಳು. "ನಿಂಗ್ಯಾರ್ ಹೇಳಿದ್ದು ಇದ್ನೆಲ್ಲ?"

"ಯಾರೂ ಹೇಳಿಲ್ಲ. ಅದರ ಪ್ಲಾನ್ ಬರೆದವಳು ನಾನೇ."

ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ ಕೂಗಿದಳು. "ಅಂಕಯ್ಯಾ, ಒಸಿ ಬಾ ಇಲ್ಲಿ! ಈ ಹುಡುಗಿ ಏನೋ ಹೇಳ್ತಾವ್ಳೆ, ನೀನೂ ಕೇಳು."

ಅಂಕಯ್ಯ ಬಂದ. ಪಕ್ಕದ ಮನೆಯವರೂ ಬಂದರು. ನಾನು ಮತ್ತೆ ಮೊದಲಿಂದ ಹೇಳಿದೆ. ಒಬ್ಬ, "ದುಡ್ ಈಸ್ಕಂಡ್ ಬರ್ದಿದ್ಯಾ?" ಎಂದು ಕೇಳಿದ. ಹೌದು ಅಂದೆ. ಯಾರೋ ಬೈದರು. ತಂತಿ ಇಲ್ಲದ ಆ ಹುರುಳಿ ಹೊಲ ಅಂಕಯ್ಯನದೇ ಅಂತ ಆಮೇಲೆ ತಿಳಿಯಿತು, ಮಾರುವ ಮಾತುಕತೆ ನಡೆದಿದೆಯಂತೆ.

ಕಾಗದ ತಂದಿರಲಿಲ್ಲ. ಕಣದ ಧೂಳಿನಲ್ಲಿ ಕೂತು ಬೆರಳಿನಿಂದ ಬರೆದು ತೋರಿಸಿದೆ. ಇದು ಶೆಡ್ಡು, ಇದು ಚಿಮಣಿ, ಇದು ಲಾರಿ ದಾರಿ, ಗಾಳಿ ಹೀಗೆ ಬರುತ್ತದೆ.

ಅಂಕಯ್ಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಗೆರೆಗಳನ್ನು ನೋಡಿದ. "ಇದ್ರಲ್ಲಿ ನಮ್ಮನೆ ಎಲ್ ಬತ್ತದೆ, ತೋರ್ಸವ್ವ" ಅಂದ.

ತೋರಿಸಿದೆ.